ಬಿಲ್ಲೆಯ ಮೇಲೊಂದು ಪ್ರಯೋಗಾಲಯ: ಮಹಾಪ್ರಬಂಧಗಳು ಹೇಳುವ ಚರಿತ್ರೆ

ಪಿಯುಸಿ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ನೆನಪಿಸಿಕೊಳ್ಳಿ. ಪಿಪೆಟ್ಟಿನಿಂದ 20 ಮಿಲಿಲೀಟರ್ ದ್ರಾವಣವನ್ನು ಫ್ಲಾಸ್ಕಿಗೆ ಹಾಕಿ, ಎರಡು ಹನಿ ಸೂಚಕ ಸೇರಿಸಿ, ಬ್ಯೂರೆಟ್ಟಿನಿಂದ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಬಣ್ಣ ಬದಲಾಗುವ ಗಳಿಗೆಗಾಗಿ ಕಾಯುತ್ತೀರಿ. ಆ ದ್ರಾವಣ 0.1 ಮೋಲಾರ್ ಆಗಿದ್ದರೆ ಫ್ಲಾಸ್ಕಿನಲ್ಲಿರುವ ದ್ರಾವ್ಯದ ಅಣುಗಳ ಸಂಖ್ಯೆ 12ರ ಮುಂದೆ 20 ಸೊನ್ನೆ ಹಾಕಿದಷ್ಟು. ಇಷ್ಟೊಂದು ಅಣುಗಳನ್ನು ಬಳಸಿ, ಬಳಸಿದ್ದನ್ನೆಲ್ಲ ತೊಟ್ಟಿಗೆ ಚೆಲ್ಲಿ, ಕೊನೆಗೆ ನೀವು ಪಡೆಯುವುದು ಒಂದೇ ಒಂದು ಸಂಖ್ಯೆಯನ್ನು. ಅದೇ ಸಂಖ್ಯೆಯನ್ನು ಒಂದು ಹನಿಯ ಸಾವಿರದಲ್ಲೊಂದು ಪಾಲಿನಿಂದ ಪಡೆಯಲಾಗದೆ?

ಈ ಪ್ರಶ್ನೆಯಿಂದ ಹುಟ್ಟಿದ ಶಾಖೆಗೆ 'ಸೂಕ್ಷ್ಮ ಸಮಗ್ರ ವಿಶ್ಲೇಷಣ ವ್ಯವಸ್ಥೆ' ಎಂದು ಹೆಸರು. ಜನ ಬಳಕೆಯಲ್ಲಿ ಅದು 'ಲ್ಯಾಬ್ ಆನ್ ಎ ಚಿಪ್'. ಮಾದರಿಯನ್ನು ಒಳಗೆ ತೆಗೆದುಕೊಳ್ಳುವುದು, ಸಾಗಿಸುವುದು, ಬೆರೆಸುವುದು, ಘಟಕಗಳನ್ನು ಬೇರ್ಪಡಿಸುವುದು, ಅಳೆಯುವುದು ಎಂಬ ಐದೂ ಕೆಲಸಗಳನ್ನು ಬೆರಳಗಲದ ಗಾಜು, ಸಿಲಿಕಾನ್, ಪ್ಲಾಸ್ಟಿಕ್ ಅಥವಾ ಕಾಗದದ ತುಣುಕಿನ ಮೇಲೆ ನಡೆಸುವುದು ಇದರ ಗುರಿ.

ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸುವ ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುವುದುಂಟು: "ಸರ್, ಇದು ರಸಾಯನಶಾಸ್ತ್ರದವರ ಕ್ಷೇತ್ರವಲ್ಲವೆ? ಪಿಎಚ್.ಡಿ. ಮಾಡಲು ನಮಗೆ ಇದರಲ್ಲಿ ಜಾಗವಿದೆಯೆ?" ಈ ಪ್ರಶ್ನೆಗೆ ಉತ್ತರ ಕೊಡುವ ಒಳ್ಳೆಯ ದಾರಿ ಈ ಕ್ಷೇತ್ರದ ಚರಿತ್ರೆಯನ್ನು ನೋಡುವುದು. ಅದರ ತಿರುವುಗಳಲ್ಲೆಲ್ಲ ಒಬ್ಬ ಸಂಶೋಧನ ವಿದ್ಯಾರ್ಥಿಯೋ ಒಂದು ಮಹಾಪ್ರಬಂಧವೋ ಸಿಗುತ್ತದೆ. ಆ ಪ್ರಬಂಧಗಳಲ್ಲಿ ಕೆಲವು ಬರೆದವರಿಗೇ ನಿರಾಸೆ ತಂದವು, ಇನ್ನು ಕೆಲವು ವರ್ಷಗಟ್ಟಲೆ ಓದುಗರಿಲ್ಲದೆ ಕಾದವು.

ಉಪ್ಸಾಲದ ನಿರಾಸೆ

ವಿದ್ಯುತ್ ಕ್ಷೇತ್ರದಲ್ಲಿ ಆವಿಷ್ಟ ಕಣಗಳು ಚಲಿಸುತ್ತವೆ. ಬೇರೆ ಬೇರೆ ಕಣಗಳ ವೇಗ ಬೇರೆ ಬೇರೆ. ಆದ್ದರಿಂದ ಮಿಶ್ರಣವೊಂದಕ್ಕೆ ವಿದ್ಯುತ್ ಕ್ಷೇತ್ರವನ್ನು ಒಡ್ಡಿದರೆ ಓಟದ ಸ್ಪರ್ಧೆಯಲ್ಲಿ ಓಟಗಾರರು ದೂರವಾಗುವಂತೆ ಘಟಕಗಳು ಒಂದರಿಂದೊಂದು ಬೇರೆಯಾಗಬೇಕು. ಇದೇ ಎಲೆಕ್ಟ್ರೊಫೊರೆಸಿಸ್. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಸ್ವೆಡ್‌ಬರ್ಗ್ ಅವರ ಶಿಷ್ಯ ಆರ್ನೆ ಟಿಸೆಲಿಯಸ್ 1930ರಲ್ಲಿ ಪ್ರೋಟೀನುಗಳ ಎಲೆಕ್ಟ್ರೊಫೊರೆಸಿಸ್ ಬಗ್ಗೆ ಮಹಾಪ್ರಬಂಧ ಬರೆದರು. ಡಾಕ್ಟರೇಟ್ ಬಂತು, ಆದರೆ ಸಮಾಧಾನ ಬರಲಿಲ್ಲ. ಉಪಕರಣ ಮೊದಲಿಗಿಂತ ಸುಧಾರಿಸಿತ್ತು, ಕುತೂಹಲಕರ ಸೂಚನೆಗಳು ಕಂಡಿದ್ದವು, ಯಾವುದನ್ನೂ ಖಚಿತವಾಗಿ ಸಾಧಿಸಲು ಮಾತ್ರ ಆಗಿರಲಿಲ್ಲ. ಅವರು ಆ ವಿಷಯವನ್ನೇ ಬಿಟ್ಟು ಜಿಯೊಲೈಟ್ ಖನಿಜಗಳ ಅಧ್ಯಯನಕ್ಕೆ ಹೋದರು.

ತೊಡಕು ಎಲ್ಲಿತ್ತು? ದ್ರಾವಣದಲ್ಲಿ ವಿದ್ಯುತ್ ಹರಿದಾಗ ಶಾಖ ಹುಟ್ಟುತ್ತದೆ. ಕೊಳವೆಯ ನಡುಭಾಗ ಬಿಸಿಯಾಗಿ, ಅಂಚು ತಣ್ಣಗಿದ್ದು, ದ್ರವದಲ್ಲಿ ಸಂವಹನ ಪ್ರವಾಹಗಳು ಏಳುತ್ತವೆ. ಬೇರೆಯಾಗುತ್ತಿದ್ದ ಘಟಕಗಳನ್ನು ಅವು ಮತ್ತೆ ಕಲಸಿಬಿಡುತ್ತವೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಸ್ವಲ್ಪ ಕಾಲ ಕಳೆದು ಮರಳಿದ ಟಿಸೆಲಿಯಸ್ ಹಳೆಯ ಸಮಸ್ಯೆಗೆ ಮತ್ತೆ ಕೈಹಾಕಿದರು. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ. ಆ ಉಷ್ಣತೆಯ ಆಸುಪಾಸಿನಲ್ಲಿ ಉಷ್ಣತೆ ತುಸು ಬದಲಾದರೂ ಸಾಂದ್ರತೆ ಹೆಚ್ಚುಕಡಮೆ ಬದಲಾಗುವುದಿಲ್ಲ. ಸಾಂದ್ರತೆಯ ವ್ಯತ್ಯಾಸವಿಲ್ಲದೆ ಸಂವಹನವೂ ಇಲ್ಲ. ನೀವು ಹೈಸ್ಕೂಲಿನಲ್ಲಿ ಕೆರೆಯ ಮೀನುಗಳ ಉದಾಹರಣೆಯೊಂದಿಗೆ ಕಲಿತ ಅದೇ ಪಾಠ! ಉಪಕರಣವನ್ನು ತಣಿಸಿಟ್ಟು 1937ರಲ್ಲಿ ಅವರು ರಕ್ತಸಾರದ ಪ್ರೋಟೀನುಗಳನ್ನು ಆಲ್ಬುಮಿನ್ ಹಾಗೂ ಆಲ್ಫಾ, ಬೀಟಾ, ಗಾಮಾ ಗ್ಲೊಬ್ಯುಲಿನ್‌ಗಳಾಗಿ ಬೇರ್ಪಡಿಸಿ ತೋರಿಸಿದರು. 1948ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆ ಉಪಕರಣ ಮಾತ್ರ ಕೊಠಡಿಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. ಟಿಸೆಲಿಯಸ್ ಶಿಷ್ಯ ಸ್ಟೆಲ್ಲನ್ ಯೆರ್ಟೆನ್ ಇನ್ನೊಂದು ದಾರಿ ಹುಡುಕಿದರು. ಕಿರಿದಾದ ಕ್ವಾರ್ಟ್ಸ್ ನಳಿಗೆಯನ್ನು ಅಡ್ಡಲಾಗಿ ಮಲಗಿಸಿ, ಅದರ ಅಕ್ಷದ ಸುತ್ತ ನಿಧಾನವಾಗಿ ತಿರುಗಿಸುತ್ತಿದ್ದರೆ ಬಿಸಿ ದ್ರವಕ್ಕೆ ಮೇಲೇರಲು ಪುರುಸೊತ್ತೇ ಸಿಗದು. ಇದನ್ನು ವಿವರಿಸುವ ಅವರ ಮಹಾಪ್ರಬಂಧ ಬಂದದ್ದು 1967ರಲ್ಲಿ, ಅದೇ ಉಪ್ಸಾಲದಲ್ಲಿ.

ಸಣ್ಣದಾದಷ್ಟೂ ಒಳ್ಳೆಯದು

ನಳಿಗೆಯನ್ನು ತಿರುಗಿಸುವ ಬದಲು ಅದನ್ನು ಇನ್ನೂ ಸಣ್ಣದು ಮಾಡಿದರೆ? ಲೆಕ್ಕ ಹಾಕಿ ನೋಡಿ. ವಿದ್ಯುತ್ ಕ್ಷೇತ್ರ ಅಷ್ಟೇ ಇದ್ದರೆ, ನಳಿಗೆಯ ನಡುವಿಗೂ ಗೋಡೆಗೂ ಇರುವ ಉಷ್ಣತೆಯ ವ್ಯತ್ಯಾಸ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 3 ಮಿಲಿಮೀಟರ್ ನಳಿಗೆಯಿಂದ 75 ಮೈಕ್ರೊಮೀಟರ್ ನಳಿಗೆಗೆ ಬಂದರೆ ವ್ಯಾಸ 40 ಪಟ್ಟು ಕಡಿಮೆಯಾಗುತ್ತದೆ, ಉಷ್ಣತೆಯ ವ್ಯತ್ಯಾಸ 1600 ಪಟ್ಟು ಕಡಿಮೆಯಾಗುತ್ತದೆ. ತಣಿಸುವುದೂ ಬೇಡ, ತಿರುಗಿಸುವುದೂ ಬೇಡ.

ಇದನ್ನು ಪರಿಣಾಮಕಾರಿಯಾಗಿ ಮಾಡಿ ತೋರಿಸಿದವರು ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಜೇಮ್ಸ್ ಜಾರ್ಗೆನ್‌ಸನ್ ಮತ್ತು ಅವರ ಸಂಶೋಧನ ವಿದ್ಯಾರ್ಥಿನಿ ಕ್ರಿನ್ ಲುಕಾಕ್ಸ್. 1981ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಬಳಸಿದ್ದು 75 ಮೈಕ್ರೊಮೀಟರ್ ಒಳವ್ಯಾಸದ ಗಾಜಿನ ಲೋಮನಾಳಗಳು ಮತ್ತು 30 ಕಿಲೋವೋಲ್ಟ್‌ವರೆಗಿನ ವಿಭವಾಂತರ. ಅವರ ಸೂತ್ರದಲ್ಲಿ ಅಡಗಿದ್ದ ಒಂದು ಸಂಗತಿ ಮುಂದಿನ ಕತೆಗೆ ಬೀಜ. ಘಟಕಗಳು ಎಷ್ಟು ಚೆನ್ನಾಗಿ ಬೇರೆಯಾಗುತ್ತವೆ ಎಂಬುದನ್ನು ಒಟ್ಟು ವಿಭವಾಂತರ ನಿರ್ಧರಿಸುತ್ತದೆ. ನಳಿಗೆಯ ಉದ್ದ ನಿರ್ಧರಿಸುವುದಿಲ್ಲ. ತಗಲುವ ಕಾಲ ಮಾತ್ರ ಉದ್ದದ ವರ್ಗಕ್ಕೆ ಅನುಪಾತದಲ್ಲಿದೆ. ಅಂದರೆ ವಿಭವಾಂತರವನ್ನು ಹಾಗೇ ಉಳಿಸಿಕೊಂಡು ಉದ್ದವನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಬೇರ್ಪಡಿಕೆ ಅಷ್ಟೇ ಚೆನ್ನಾಗಿ, ನೂರನೆಯ ಒಂದು ಕಾಲದಲ್ಲಿ ಮುಗಿಯಬೇಕು. ಇಲ್ಲಿ ಒಂದು ಷರತ್ತು ಇದೆ. ಒಳಬಿಡುವ ಮಾದರಿಯ ತುಣುಕೂ ಅಷ್ಟೇ ಚಿಕ್ಕದಾಗಿರಬೇಕು. ಸಿರಿಂಜಿನಿಂದ ಇದು ಸಾಧ್ಯವಿಲ್ಲ. ಹಾಗಾದರೆ ಹೇಗೆ?

ಹತ್ತು ವರ್ಷ ಕಾದ ಬಿಲ್ಲೆ

ಉತ್ತರದ ಒಂದು ಅಂಶ ಆಗಲೇ ಬೇರೊಂದು ಕಡೆ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಸ್ಟೀಫನ್ ಟೆರಿ ಎಂಬ ವಿದ್ಯಾರ್ಥಿ ಜೇಮ್ಸ್ ಏಂಜೆಲ್ ಅವರ ಮಾರ್ಗದರ್ಶನದಲ್ಲಿ 1975ರಲ್ಲಿ ಮಹಾಪ್ರಬಂಧ ಸಲ್ಲಿಸಿದರು. ಟ್ರಾನ್ಸಿಸ್ಟರು ಮಾಡುವ ಸಿಲಿಕಾನ್ ಬಿಲ್ಲೆಯ ಮೇಲೆ ಅವರು ಮಾಡಿದ್ದು ಅನಿಲಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೊಗ್ರಾಫ್. 5 ಸೆಂಟಿಮೀಟರ್ ವ್ಯಾಸದ ಬಿಲ್ಲೆಯಲ್ಲಿ 1.5 ಮೀಟರ್ ಉದ್ದದ ಕಾಲುವೆಯನ್ನು ಸುರುಳಿಯಾಗಿ ಕೊರೆದು ಗಾಜಿನಿಂದ ಮುಚ್ಚಿದ್ದರು. ಮಾದರಿಯನ್ನು ಒಳಬಿಡುವ ಕವಾಟ, ಶಾಖವಾಹಕತೆಯಿಂದ ಅನಿಲವನ್ನು ಗುರುತಿಸುವ ಸಂವೇದಕ ಎರಡನ್ನೂ ಅದೇ ಬಿಲ್ಲೆಗೆ ಜೋಡಿಸಿದ್ದರು. 1979ರಲ್ಲಿ ಈ ಕೆಲಸ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ರಕಟವಾದದ್ದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಎಂಬುದನ್ನು ಗಮನಿಸಿ. ರಸಾಯನ ವಿಶ್ಲೇಷಕರಿಗೆ ಸಿಲಿಕಾನ್ ಕೊರೆಯುವ ವಿದ್ಯೆ ಗೊತ್ತಿರಲಿಲ್ಲ, ದೂಳುರಹಿತ ಕೊಠಡಿಗಳೂ ಅವರ ಬಳಿ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳಿಗೆ ಬೇರ್ಪಡಿಕೆಯ ಸಮಸ್ಯೆಗಳಲ್ಲಿ ಆಸಕ್ತಿ ಇರಲಿಲ್ಲ. ಮೇಜಿನ ಮೇಲಿನ ದೊಡ್ಡ ಉಪಕರಣಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಹೀಗಾಗಿ ಸುಮಾರು ಒಂದು ದಶಕ ಕಾಲ ಈ ದಾರಿಯಲ್ಲಿ ನಡೆದವರು ಬಹಳ ಕಡಿಮೆ. ಮಹಾಪ್ರಬಂಧದ ಮೌಲ್ಯ ಅದು ಬಂದ ವರ್ಷದಲ್ಲೇ ಗೊತ್ತಾಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬಾಸೆಲ್‌ನಲ್ಲಿ ಕೂಡಿದ ಎರಡು ದಾರಿ

ಎರಡೂ ದಾರಿಗಳನ್ನು ಕೂಡಿಸಿದವರು ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ಮಾಂಜ್. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ವಿಲ್‌ಹೆಲ್ಮ್ ಸೈಮನ್ ಅವರ ಬಳಿ ಡಾಕ್ಟರೇಟ್‌ಗಾಗಿ ಅವರು ಮಾಡಿದ್ದು ಅತಿ ತೆಳುವಾದ ನಳಿಗೆಗಳ ತುದಿಯಲ್ಲಿ ಪಿಕೊಲೀಟರ್ ಪ್ರಮಾಣದ ದ್ರವವನ್ನು ಅಳೆಯುವ ಸಂವೇದಕಗಳ ಕೆಲಸ. ಒಂದು ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಬಳಿಕ ಜಪಾನಿನ ಹಿಟಾಚಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವರಿಗೆ ಸಿಲಿಕಾನ್ ಕೊರೆಯುವ ವಿದ್ಯೆ ಸಿಕ್ಕಿತು. 5 ಮಿಲಿಮೀಟರ್ ಚೌಕದ ಚಿಪ್ಪಿನಲ್ಲಿ 15 ಸೆಂಟಿಮೀಟರ್ ಉದ್ದದ, 6 ಮೈಕ್ರೊಮೀಟರ್ ಅಗಲದ, 2 ಮೈಕ್ರೊಮೀಟರ್ ಆಳದ ಕಾಲುವೆ ತಯಾರಾಯಿತು.

ಅಲ್ಲಿಂದ ಮಾಂಜ್ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಗೆ ಬಂದರು. ಮೈಕೆಲ್ ವಿಡ್ಮರ್ ಅಲ್ಲಿ ವಿಶ್ಲೇಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. 1990ರಲ್ಲಿ ಮಾಂಜ್, ಗ್ರಾಬರ್, ವಿಡ್ಮರ್ ಮೂವರೂ ಸೇರಿ ಪ್ರಕಟಿಸಿದ ಐದು ಪುಟಗಳ ಪ್ರಬಂಧವೇ ಈ ಕ್ಷೇತ್ರದ ನಾಮಕರಣ. ಸಣ್ಣದು ಮಾಡುವುದರಿಂದ ಜಾಗ, ರಾಸಾಯನಿಕ ಉಳಿಯುವುದಷ್ಟೇ ಅಲ್ಲ, ವಿಶ್ಲೇಷಣೆಯೇ ಉತ್ತಮಗೊಳ್ಳುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದ್ದರು. ಆ ಪ್ರಬಂಧದ ಜೀವಾಳ ಶುದ್ಧ ಭೌತಶಾಸ್ತ್ರ.

ಕೆನಡದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೆಡ್ ಹ್ಯಾರಿಸನ್ ಅವರೊಂದಿಗೆ ಕೂಡಿ ಮಾಂಜ್ ಬಳಗ ಎಲೆಕ್ಟ್ರೊಫೊರೆಸಿಸ್‌ಅನ್ನು ಚಿಪ್ಪಿಗೆ ಇಳಿಸಿತು. ಇಲ್ಲಿ ಸಿಲಿಕಾನ್ ಕೈಕೊಟ್ಟಿತು. ಅದು ಅರೆವಾಹಕ, ಮೇಲಿನ ತೆಳು ಆಕ್ಸೈಡ್ ಪದರ ಸಾವಿರಾರು ವೋಲ್ಟ್‌ಗಳನ್ನು ತಡೆಯಲಾರದು. ಆದ್ದರಿಂದ ಗಾಜನ್ನು ಆರಿಸಿಕೊಂಡರು. ಮಾದರಿಯ ಅತಿ ಚಿಕ್ಕ ತುಣುಕನ್ನು ಒಳಬಿಡುವ ಸಮಸ್ಯೆಯೂ ಇಲ್ಲೇ ಬಗೆಹರಿಯಿತು. ಎರಡು ಕಿರುಗಾಲುವೆಗಳು ಒಂದನ್ನೊಂದು ಅಡ್ಡ ದಾಟುವಂತೆ ಕೊರೆಯಿರಿ. ಒಂದರಲ್ಲಿ ಮಾದರಿಯನ್ನು ಹರಿಸಿ, ಆಮೇಲೆ ವಿಭವಾಂತರವನ್ನು ಇನ್ನೊಂದಕ್ಕೆ ಬದಲಿಸಿ. ಕೂಡುರಸ್ತೆಯಲ್ಲಿದ್ದಷ್ಟು ಮಾದರಿ ಮಾತ್ರ ಹೊಸ ದಾರಿ ಹಿಡಿಯುತ್ತದೆ. ಚಲಿಸುವ ಭಾಗ ಒಂದೂ ಇಲ್ಲ. ಕವಾಟದ ಕೆಲಸವನ್ನು ಸ್ವಿಚ್ಚು ಮಾಡುತ್ತದೆ. 1992 ಮತ್ತು 1993ರಲ್ಲಿ ಇವರ ಪ್ರಬಂಧಗಳು ಬಂದವು.

1994ರ ನವೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆಯ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ಅಂತಾರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಅದೇ ವರ್ಷ ಬರ್ಕ್ಲಿಯಲ್ಲಿ ರಿಚರ್ಡ್ ಮೇಥೀಸ್ ಅವರ ಸಂಶೋಧನ ವಿದ್ಯಾರ್ಥಿ ಆಡಮ್ ವೂಲಿ 70ರಿಂದ 1000 ಬೇಸ್ ಜೋಡಿಗಳಷ್ಟು ಉದ್ದದ ಡಿಎನ್‌ಎ ತುಣುಕುಗಳನ್ನು ಚಿಪ್ಪಿನ ಮೇಲೆ 120 ಸೆಕೆಂಡಿನಲ್ಲಿ ಬೇರ್ಪಡಿಸಿ ತೋರಿಸಿದರು. ಐದು ವರ್ಷಗಳ ನಂತರ, 1999ರಲ್ಲಿ, ಡಿಎನ್‌ಎ ವಿಶ್ಲೇಷಿಸುವ ಚಿಪ್ ಆಧಾರಿತ ಉಪಕರಣ ಮಾರುಕಟ್ಟೆಗೂ ಬಂತು.

ಕಿರುಗಾಲುವೆಯ ಭೌತಶಾಸ್ತ್ರ

ಇಲ್ಲಿ ಸ್ವಲ್ಪ ನಿಂತು, ಪೆನ್ನು ಹಿಡಿದು ಎರಡು ಲೆಕ್ಕ ಮಾಡೋಣ.

ಮೊದಲನೆಯದು ರೇನಾಲ್ಡ್ಸ್ ಸಂಖ್ಯೆ. ಮ್ಯಾಂಚೆಸ್ಟರಿನ ಆಸ್ಬೋರ್ನ್ ರೇನಾಲ್ಡ್ಸ್ 1883ರಲ್ಲಿ ಕೊಳವೆಯಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು ಮಾಡಿದ ಪ್ರಯೋಗ ನಿಮಗೆ ಗೊತ್ತು. ಸಾಂದ್ರತೆ, ವೇಗ, ವ್ಯಾಸಗಳ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಕೊಳವೆಯಲ್ಲಿ ಇದು ಸುಮಾರು 2000 ದಾಟಿದರೆ ಹರಿವು ಪ್ರಕ್ಷುಬ್ಧವಾಗತೊಡಗುತ್ತದೆ. 100 ಮೈಕ್ರೊಮೀಟರ್ ಕಾಲುವೆಯಲ್ಲಿ ಸೆಕೆಂಡಿಗೆ 1 ಮಿಲಿಮೀಟರ್ ವೇಗದಲ್ಲಿ ಹರಿಯುವ ನೀರಿಗೆ ಇದರ ಬೆಲೆ ಕೇವಲ 0.1. ಸುಳಿಗಳು ಹುಟ್ಟುವ ಮಾತೇ ಇಲ್ಲ. ಎರಡು ದ್ರವಗಳು ಅಕ್ಕಪಕ್ಕದ ಪದರಗಳಾಗಿ, ಒಂದೇ ರಸ್ತೆಯಲ್ಲಿ ಮಾತುಬಿಟ್ಟ ನೆರೆಯವರಂತೆ, ಸುಮ್ಮನೆ ಸಾಗುತ್ತವೆ.

ಹಾಗಾದರೆ ಅವು ಬೆರೆಯುವುದು ಹೇಗೆ? ವಿಸರಣೆಯಿಂದ. ಇದು ಎರಡನೆಯ ಲೆಕ್ಕ. ವಿಸರಣೆಗೆ ತಗಲುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿದೆ. ಸಾಧಾರಣ ಬಣ್ಣದ ಅಣುವೊಂದು ನಿಶ್ಚಲ ನೀರಿನಲ್ಲಿ 1 ಸೆಂಟಿಮೀಟರ್ ವಿಸರಿಸಲು ಸುಮಾರು 28 ಗಂಟೆ ಬೇಕು. 100 ಮೈಕ್ರೊಮೀಟರಿಗೆ 10 ಸೆಕೆಂಡು ಸಾಕು, 10 ಮೈಕ್ರೊಮೀಟರಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಪ್ರೋಟೀನಿನಂತಹ ದೊಡ್ಡ ಅಣುಗಳಿಗೆ ಹತ್ತಾರು ಪಟ್ಟು ಹೆಚ್ಚು ಕಾಲ ಬೇಕಾಗುವುದರಿಂದ ಬೆರೆಸುವುದೇ ಒಂದು ಸಮಸ್ಯೆಯಾಗಿತ್ತು. ಹಾರ್ವರ್ಡ್‌ನಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ಸಂಶೋಧನ ವಿದ್ಯಾರ್ಥಿಯಾಗಿದ್ದ ಏಬ್ರಹಾಮ್ ಸ್ಟ್ರೂಕ್ ಮತ್ತು ಸಂಗಡಿಗರು 2002ರಲ್ಲಿ ಸೊಗಸಾದ ಪರಿಹಾರ ಕೊಟ್ಟರು. ಕಾಲುವೆಯ ತಳದಲ್ಲಿ ಮೀನಿನ ಮುಳ್ಳಿನ ಹಾಗೆ ಓರೆ ಗೀರುಗಳನ್ನು ಕೊರೆದರೆ ದ್ರವ ಸಾಗುತ್ತಲೇ ಮಗ್ಗುಲು ಬದಲಿಸುತ್ತದೆ. ಚಪಾತಿ ಹಿಟ್ಟನ್ನು ಮಡಿಸಿ ಲಟ್ಟಿಸಿದಂತೆ ಪದರಗಳು ತೆಳುವಾಗುತ್ತ ಹೋಗಿ ವಿಸರಿಸಬೇಕಾದ ದೂರ ಕಡಿಮೆಯಾಗುತ್ತದೆ.

ಅದೇ ಬಳಗ 1998ರಲ್ಲಿ ಮೃದುವಾದ ಸಿಲಿಕೋನ್ ರಬ್ಬರಿನಲ್ಲಿ ಕಿರುಗಾಲುವೆಗಳನ್ನು ಎರಕ ಹೊಯ್ಯುವ ವಿಧಾನವನ್ನು ವಿವರಿಸಿತ್ತು. ಅಚ್ಚು ಒಮ್ಮೆ ಸಿದ್ಧವಾದರೆ ಸಾಮಾನ್ಯ ಪ್ರಯೋಗಾಲಯದಲ್ಲೇ ಒಂದು ದಿನದಲ್ಲಿ ಚಿಪ್ ಮಾಡಬಹುದು. ದುಬಾರಿ ಕೊಠಡಿಗಳಿಲ್ಲದ ಕಾಲೇಜುಗಳಿಗೆ ಈ ಕ್ಷೇತ್ರ ತೆರೆದುಕೊಂಡದ್ದು ಹೀಗೆ. 2007ರಲ್ಲಿ ಅವರೇ ಕಾಗದದ ಮೇಲೂ ಇದನ್ನು ಸಾಧಿಸಿದರು.

ಶಿಕ್ಷಕರಿಗೆ ಒಂದು ಸಲಹೆ. ಸೋಸುಕಾಗದದ ಮೇಲೆ ಮೇಣದ ಬಣ್ಣದ ಕಡ್ಡಿಯಿಂದ ಕವಲೊಡೆದ ಕಾಲುವೆಯ ಎರಡೂ ದಡಗಳನ್ನು ದಪ್ಪಗೆ ಬರೆದು, ಹಳೆಯ ಕಾಗದದ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒಮ್ಮೆ ಬಿಸಿ ಮಾಡಿ. ಮೇಣ ಕಾಗದದೊಳಗೆ ಇಳಿದು ನೀರಿಗೆ ಗೋಡೆಯಾಗುತ್ತದೆ. ಒಂದು ಕವಲಿನ ತುದಿಗೆ ಅರಿಸಿನದ ದ್ರಾವಣ, ಇನ್ನೊಂದರ ತುದಿಗೆ ದಾಸವಾಳದ ರಸ ಹಚ್ಚಿ ಒಣಗಿಸಿ. ಬುಡವನ್ನು ಸೋಡ ಬೆರೆತ ನೀರಿನಲ್ಲಿ ಅದ್ದಿ ನೋಡಿ. ಒಂದೇ ಹನಿಯಿಂದ ಎರಡು ಪರೀಕ್ಷೆ ನಡೆಯುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಲಿಥಿಯಂ ಅಳೆದ ಪ್ರಬಂಧ

ಒಂದು ಮಹಾಪ್ರಬಂಧದೊಳಗೆ ನಿಜವಾಗಿ ಏನಿರುತ್ತದೆ ಎಂಬ ಕುತೂಹಲ ನಿಮಗಿರಬಹುದು. ಟ್ವೆಂಟೆಯಲ್ಲೇ ಎಲ್ವಿನ್ ವ್ರೌವೆ 2005ರಲ್ಲಿ ಸಲ್ಲಿಸಿದ ಪ್ರಬಂಧವನ್ನು ತೆಗೆದುಕೊಳ್ಳೋಣ.

ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಮನೋರೋಗಕ್ಕೆ ಲಿಥಿಯಂ ಲವಣ ಒಳ್ಳೆಯ ಔಷಧ. ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಇದನ್ನು ವರದಿ ಮಾಡಿದರು. ಆದರೆ ಔಷಧಕ್ಕೂ ವಿಷಕ್ಕೂ ನಡುವಣ ಅಂತರ ಬಹಳ ಕಿರಿದು. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಗುಣಕಾರಿ, 1.5 ದಾಟಿದರೆ ವಿಷಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದ್ದರಿಂದ ರೋಗಿ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕು, ವರದಿಗಾಗಿ ಕಾಯಬೇಕು.

ಬೆರಳ ತುದಿಯ ಹನಿಯಲ್ಲೇ ಇದನ್ನು ಅಳೆಯಲಾಗದೆ? ತೊಡಕು ಸೋಡಿಯಂ. ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ ಸುಮಾರು 140 ಮಿಲಿಮೋಲ್, ಅಂದರೆ ಲಿಥಿಯಂನ ನೂರು ಪಟ್ಟಿಗೂ ಹೆಚ್ಚು. ಇಲ್ಲಿ ನೆರವಿಗೆ ಬರುವುದು ಭೌತರಸಾಯನದ ಒಂದು ವಿಚಿತ್ರ. ಕ್ಷಾರಲೋಹಗಳ ಪೈಕಿ ಲಿಥಿಯಂ ಅಯಾನು ಅತಿ ಚಿಕ್ಕದು, ಹಾಗಾಗಿ ಅತಿ ವೇಗವಾಗಿ ಓಡಬೇಕೆಂದು ನಾವು ಎಣಿಸುತ್ತೇವೆ. ವಾಸ್ತವ ಇದಕ್ಕೆ ತದ್ವಿರುದ್ಧ. ಚಿಕ್ಕದಾದ್ದರಿಂದಲೇ ಅದರ ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರ ಪ್ರಬಲವಾಗಿದ್ದು, ಅದು ಸುತ್ತಣ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದು ಹೊರೆ ಹೊತ್ತವನಂತೆ ನಿಧಾನವಾಗಿ ಸಾಗುತ್ತದೆ. ಒಂದೇ ಕ್ಷೇತ್ರದಲ್ಲಿ ಪೊಟ್ಯಾಸಿಯಂ, ಸೋಡಿಯಂ, ಲಿಥಿಯಂ ಅಯಾನುಗಳ ವೇಗಗಳ ಅನುಪಾತ ಸುಮಾರು 7.6 : 5.2 : 4.0. ಆದ್ದರಿಂದ ಚಿಪ್ಪಿನ ಕಾಲುವೆಯ ಕೊನೆಗೆ ಮೊದಲು ಪೊಟ್ಯಾಸಿಯಂ, ನಂತರ ಸೋಡಿಯಂನ ದೊಡ್ಡ ಅಲೆ, ಅದರ ಹಿಂದೆ ಲಿಥಿಯಂ ಬರುತ್ತವೆ. ಸೋಡಿಯಂನ ಬಾಲ ಉದ್ದವಾದರೆ ಲಿಥಿಯಂ ಅದರಲ್ಲಿ ಮುಳುಗಿಹೋಗುತ್ತದೆ.

ಈ ಬಾಲವನ್ನು ಮೊಟಕುಗೊಳಿಸುವುದು, ರಕ್ತಕಣಗಳನ್ನು ಮೊದಲೇ ಬೇರ್ಪಡಿಸದೆ ಪೂರ್ಣರಕ್ತವನ್ನೇ ಬಳಸುವುದು, ದ್ರಾವಣದ ವಿದ್ಯುದ್ವಾಹಕತೆಯಲ್ಲಿ ಆಗುವ ಚಿಕ್ಕ ಬದಲಾವಣೆಯನ್ನು ಚಿಪ್ಪಿನೊಳಗಿನ ವಿದ್ಯುದ್ವಾರಗಳಿಂದ ಗ್ರಹಿಸುವುದು ಆ ಸಂಶೋಧನೆಯ ತಿರುಳು. ಮುಂದೆ ಟ್ವೆಂಟೆಯಿಂದಲೇ ಹೊರಟ ಮೆಡಿಮೇಟ್ ಎಂಬ ಕಿರುಸಂಸ್ಥೆ ಇದನ್ನು ಉಪಕರಣವಾಗಿಸಲು ಕೈಹಾಕಿತು. ಜಗತ್ತನ್ನೇ ಬದಲಿಸುವೆನೆಂಬ ಘೋಷಣೆ ಅದರಲ್ಲಿಲ್ಲ. ಒಂದು ಅಯಾನು, ಒಂದು ತೊಡಕು, ಮರುಪರೀಕ್ಷಿಸಬಹುದಾದ ಅಳತೆಗಳು ಇವೆ.

ಅಣುಗಳಿಲ್ಲದ ಕಡೆ ಅಳತೆಯಿಲ್ಲ

ಇದಕ್ಕೆ ವ್ಯತಿರಿಕ್ತವಾದ ಕತೆಯೂ ಒಂದಿದೆ. ಟೆರಿ ಓದಿದ ಅದೇ ಸ್ಟ್ಯಾನ್‌ಫರ್ಡಿನಲ್ಲಿ ಪದವಿ ಓದನ್ನು ನಡುವೆ ಬಿಟ್ಟ ಎಲಿಜಬೆತ್ ಹೋಮ್ಸ್ 2003ರಲ್ಲಿ ಆರಂಭಿಸಿದ ಥೆರಾನೋಸ್ ಕಂಪನಿ, ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುವುದಾಗಿ ಹೇಳಿಕೊಂಡಿತು. ವಿಧಾನವನ್ನು ಗುಟ್ಟಾಗಿಟ್ಟಿತ್ತು, ತಜ್ಞರ ಪರಿಶೀಲನೆಗೆ ಒಡ್ಡಲಿಲ್ಲ. 2015ರಲ್ಲಿ ಪತ್ರಿಕಾ ವರದಿಗಳು ಅನುಮಾನ ಎತ್ತಿದವು, 2018ರಲ್ಲಿ ಕಂಪನಿ ಮುಚ್ಚಿತು, 2022ರ ಜನವರಿಯಲ್ಲಿ ಹೋಮ್ಸ್ ಹೂಡಿಕೆದಾರರನ್ನು ವಂಚಿಸಿದ ಅಪರಾಧಿ ಎಂಬ ತೀರ್ಮಾನ ಹೊರಬಿತ್ತು.

ಸಣ್ಣದು ಮಾಡುವುದಕ್ಕೆ ನಿಸರ್ಗವೇ ಒಂದು ಮಿತಿ ಹಾಕಿದೆ. ಪಿಕೊಮೋಲಾರ್ ಸಾರತೆಯ ದ್ರಾವಣದ 1 ನ್ಯಾನೊಲೀಟರಿನಲ್ಲಿ ಇರುವುದು ಸುಮಾರು 600 ಅಣುಗಳು. ಎಣಿಕೆಯ ಏರುಪೇರು ಸಂಖ್ಯೆಯ ವರ್ಗಮೂಲದಷ್ಟು, ಅಂದರೆ ಸುಮಾರು 24. ದೋಷ ಶೇಕಡ 4. ಅದೇ ದ್ರಾವಣದ 1 ಪಿಕೊಲೀಟರಿನಲ್ಲಿ ಸರಾಸರಿ ಒಂದು ಅಣುವೂ ಇಲ್ಲ! ಇಲ್ಲದ ಅಣುವನ್ನು ಎಂತಹ ಸಂವೇದಕವೂ ಕಾಣಲಾರದು. ಇದರ ಜೊತೆಗೆ, ಬೆರಳನ್ನು ಹಿಂಡಿ ತೆಗೆದ ರಕ್ತಕ್ಕೆ ಅಂಗಾಂಶದ ದ್ರವವೂ ಸೇರಿರುತ್ತದೆ. ಇಂತಹ ಲೆಕ್ಕಗಳನ್ನು ಮಹಾಪ್ರಬಂಧದ ಪರೀಕ್ಷಕರು ಮೊದಲ ಮೌಖಿಕ ಪರೀಕ್ಷೆಯಲ್ಲೇ ಕೇಳುತ್ತಾರೆ. ವಿದ್ಯಾರ್ಥಿಗೆ ಆ ಪ್ರಶ್ನೆಗಳು ಕಿರಿಕಿರಿ ಎನಿಸಿದರೂ ರೋಗಿಯ ಪಾಲಿಗೆ ಅವು ರಕ್ಷೆ.

ನಮ್ಮಲ್ಲಿ

ಭಾರತದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಸುಮನ್ ಚಕ್ರವರ್ತಿ ಖರಗ್‌ಪುರದ ಐಐಟಿಯಲ್ಲಿ ಕಿರುಗಾಲುವೆಗಳ ದ್ರವಬಲವಿಜ್ಞಾನದ ದೊಡ್ಡ ಬಳಗವನ್ನೇ ಕಟ್ಟಿದರು. 2022ರಲ್ಲಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು. ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ಅವರ ಸಂಶೋಧನ ವಿದ್ಯಾರ್ಥಿಯಾಗಿದ್ದ ವಿನಯ್ ಕುಮಾರ್ ಸೇರಿ, ಮಧುಮೇಹಿಗಳ ರಕ್ತ, ಮೂತ್ರಗಳಲ್ಲಿನ ಹಲವು ಅಂಶಗಳನ್ನು ಅಳೆಯುವ ಕೈ ಉಪಕರಣಕ್ಕಾಗಿ ಪಾಥ್‌ಶೋಧ್ ಕಂಪನಿಯನ್ನು ಆರಂಭಿಸಿದರು. ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿ ಬಂದ ಧನಂಜಯ ದೆಂದುಕುರಿ ಬೆಂಗಳೂರಿನಲ್ಲಿ ಅಚಿರ ಲ್ಯಾಬ್ಸ್ ಸ್ಥಾಪಿಸಿದರು. ಅವರ ತಂಡ 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಚಿಪ್ಪಿನ ಬದಲು ನೇಯ್ದ ರೇಷ್ಮೆ ಬಟ್ಟೆ ಇತ್ತು. ನೂಲೇ ಕಾಲುವೆ, ಮಗ್ಗವೇ ಕಾರ್ಖಾನೆ!

ಚಿಪ್ ಮಾಡುವ ಸೌಲಭ್ಯ ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ಇದೆ ಎಂದು ಎದೆಗುಂದಬೇಕಿಲ್ಲ. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬಯಿಯ ಐಐಟಿಗಳಲ್ಲಿ ಆರಂಭವಾದ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದ ಉದ್ದೇಶವೇ ಬೇರೆ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ತರಬೇತಿ ಕೊಟ್ಟು ಆ ಕೊಠಡಿಗಳ ಬಾಗಿಲು ತೆರೆಯುವುದು. ಪ್ರವೇಶಕ್ಕೆ ಸಿಎಸ್‌ಐಆರ್-ಯುಜಿಸಿ ನೆಟ್, ಗೇಟ್, ಭೌತಶಾಸ್ತ್ರದವರಿಗೆ ಜೆಸ್ಟ್ ಮುಂತಾದ ಪರೀಕ್ಷೆಗಳಿವೆ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. 2023ರ ಜನವರಿ 1ರಿಂದ ಅನ್ವಯವಾದ ದರದಂತೆ ಕಿರಿಯ ಸಂಶೋಧನ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ನೆದರ್‌ಲ್ಯಾಂಡ್ಸ್‌ನಲ್ಲಿ ಸಂಶೋಧನ ವಿದ್ಯಾರ್ಥಿಯನ್ನು ಬಹುಮಟ್ಟಿಗೆ ನಾಲ್ಕು ವರ್ಷದ ಒಪ್ಪಂದದ ಮೇಲೆ ನೌಕರರಾಗಿಯೇ ನೇಮಿಸಿಕೊಳ್ಳುತ್ತಾರೆ. ಹುದ್ದೆಗಳನ್ನು ಜಾಹೀರಾತಿನ ಮೂಲಕ ತುಂಬುತ್ತಾರೆ.

ಸಮಸ್ಯೆಗಳಿಗೇನೂ ಬರವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಕೊಳವೆಬಾವಿಗಳ ಫ್ಲೋರೈಡನ್ನೇ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಸುಲಭ. ಬಾವಿಯ ದಡದಲ್ಲಿ ಹಾಗಲ್ಲ. ನೀರಿನಲ್ಲಿ ಅಲ್ಯುಮಿನಿಯಂ ಅಥವಾ ಕಬ್ಬಿಣ ಇದ್ದರೆ ಅದು ಫ್ಲೋರೈಡನ್ನು ಬಂಧಿಸಿಟ್ಟುಕೊಂಡು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಂಧ ಬಿಡಿಸುವ ರಾಸಾಯನಿಕವನ್ನು ಚಿಪ್ಪಿನೊಳಗೇ ಒಣಗಿಸಿಡಬೇಕು, ಅದು ಬೇಸಿಗೆಯ 40 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯಬೇಕು, ನೀರು ತಗಲಿದೊಡನೆ ಸರಿಯಾಗಿ ಬೆರೆಯಬೇಕು. ಬೆರೆಯುವುದು ವಿಸರಣೆಯ ಪ್ರಶ್ನೆ, ಒಳಗೆಳೆದುಕೊಳ್ಳುವುದು ಮೇಲ್ಮೈ ಕರ್ಷಣದ ಪ್ರಶ್ನೆ, ಅಳೆಯುವುದು ವಿಭವಾಂತರದ ಪ್ರಶ್ನೆ. ಇವುಗಳಲ್ಲಿ ಯಾವುದು ಭೌತಶಾಸ್ತ್ರವಲ್ಲ, ನೀವೇ ಹೇಳಿ.

ಪಿಎಚ್.ಡಿ. ಎಂದರೆ ಬದುಕಿನ ಐದಾರು ವರ್ಷ. ಅದಕ್ಕೆ ಸೇರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಅಳೆಯಹೊರಟ ವಸ್ತು ಯಾವುದು, ಅದರ ಜೊತೆಗೆ ಬರುವ 'ಸೋಡಿಯಂ' ಯಾವುದು? ನನ್ನ ಹನಿಯಲ್ಲಿ ಎಣಿಸಲು ಸಾಕಷ್ಟು ಅಣುಗಳಿವೆಯೆ? ನನ್ನ ಮಾರ್ಗದರ್ಶಕರ ಬಳಿ ಇಲ್ಲದ ವಿದ್ಯೆಯನ್ನು ಕಲಿಸುವವರು ಪಕ್ಕದ ವಿಭಾಗದಲ್ಲಿ ಇದ್ದಾರೆಯೆ? ಟೆರಿಯ ಬಿಲ್ಲೆ ಹತ್ತು ವರ್ಷ ಕಾದದ್ದು ಮೂರನೆಯ ಪ್ರಶ್ನೆಗೆ ಆಗ ಉತ್ತರವಿರಲಿಲ್ಲವಾಗಿ. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ ವಿಭಾಗಕ್ಕೂ ರಸಾಯನಶಾಸ್ತ್ರ ವಿಭಾಗಕ್ಕೂ ನಡುವೆ ಇರುವುದು ಒಂದು ಪಡಸಾಲೆ ಮಾತ್ರ. ಶಿಕ್ಷಕರೆ, ನಿಮ್ಮ ವಿದ್ಯಾರ್ಥಿಗಳನ್ನು ಅದನ್ನು ದಾಟಲು ಬಿಡಿ.